ಕಂಪ್ಯೂಟರ್ ಎಷ್ಟು ಬಿಸಿಯಾದರೆ ಗಾಬರಿಯಾಗಬೇಕು? ಟೆಂಪರೇಚರ್ ನೋಡುವುದು, ಅರ್ಥ ಮಾಡಿಕೊಳ್ಳುವುದು ಹೇಗೆ

ಮೊದಲ ಸಲ ಟೆಂಪರೇಚರ್ ತೋರಿಸುವ ಸಾಫ್ಟ್‌ವೇರ್ ಹಾಕಿದವರೆಲ್ಲ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತಾರೆ. ಪರದೆ ಮೇಲೆ 85 ಅಂತ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ, ಮಾಡುತ್ತಿದ್ದ ಕೆಲಸ ಬಿಟ್ಟು ಕಂಪ್ಯೂಟರ್ ಆಫ್ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಆ 85 ನನ್ನ ಪ್ರೊಸೆಸರ್‌ಗೆ ಮಾಮೂಲಿ. ನಿಜವಾಗಿ ಗಮನ ಕೊಡಬೇಕಿದ್ದದ್ದು ಅದೇ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಕೂತಿದ್ದ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯ 108. ಅಲ್ಲಿಯವರೆಗೆ ನಾನು ಸ್ಕ್ರಾಲ್ ಮಾಡಿಯೇ ಇರಲಿಲ್ಲ.

ಬರೀ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅದು ಯಾವ ಭಾಗದ್ದು, ಆಗ ಏನು ಕೆಲಸ ನಡೆಯುತ್ತಿತ್ತು, ಕೋಣೆ ಎಷ್ಟು ಬಿಸಿ ಇತ್ತು, ಇದೇ ಕೆಲಸಕ್ಕೆ ಇದೇ ಭಾಗ ಮೊದಲು ಎಷ್ಟು ತೋರಿಸುತ್ತಿತ್ತು ಅನ್ನುವುದು ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಉತ್ತರ ಬರೆದಿಟ್ಟುಕೊಂಡವರು ಮಾತ್ರ ತೀರ ಕಡಿಮೆ.

ಮೊದಲು ಸಾಫ್ಟ್‌ವೇರ್

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ 2020ರಿಂದ ಗ್ರಾಫಿಕ್ಸ್ ಕಾರ್ಡಿನ ಟೆಂಪರೇಚರ್ ತೋರಿಸುತ್ತದೆ. ಪ್ರೊಸೆಸರ್‌ನದ್ದು ತೋರಿಸುವುದಿಲ್ಲ. ಹಾಗಾಗಿ ಬೇರೆ ಸಾಫ್ಟ್‌ವೇರ್ ಬೇಕೇ ಬೇಕು. ನನ್ನ ಆಯ್ಕೆ ಎಚ್‌ಡಬ್ಲ್ಯೂ ಇನ್ಫೋ. ತೆರೆಯುವಾಗ ‘ಸೆನ್ಸರ್ಸ್ ಓನ್ಲಿ’ ಟಿಕ್ ಮಾಡಿ, ಇಲ್ಲದಿದ್ದರೆ ಬೇಡದ ನಾಲ್ಕೈದು ಕಿಟಕಿಗಳು ತೆರೆದುಕೊಳ್ಳುತ್ತವೆ. ಒಂದೊಂದು ಸೆನ್ಸರ್ ಎದುರಿಗೂ ನಾಲ್ಕು ಕಾಲಂ ಇರುತ್ತದೆ: ಈಗಿನದು, ಕನಿಷ್ಠ, ಗರಿಷ್ಠ, ಸರಾಸರಿ. ಗಾಬರಿ ಹುಟ್ಟಿಸುವುದು ಗರಿಷ್ಠದ ಕಾಲಂ, ವಿಷಯ ಹೇಳುವುದು ಸರಾಸರಿಯ ಕಾಲಂ. ಬ್ರೌಸರ್ ತೆರೆದ ಅರ್ಧ ಸೆಕೆಂಡಿನಲ್ಲಿ ಪ್ರೊಸೆಸರ್‌ನ ಒಂದು ಕೋರ್ (ಅದರೊಳಗಿನ ಕೆಲಸ ಮಾಡುವ ಘಟಕ) 88ಕ್ಕೆ ಹಾರಿ ಇಳಿದಿರುತ್ತದೆ, ಗರಿಷ್ಠದ ಕಾಲಂ ಅದನ್ನು ದಿನವಿಡೀ ಹಿಡಿದುಕೊಂಡು ಕೂತಿರುತ್ತದೆ. ಕೆಳಗೆ ಗಡಿಯಾರದ ಗುರುತಿನ ಬಟನ್ ಇದೆ, ಒತ್ತಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ. ಪರೀಕ್ಷೆ ಮಾಡುವ ಮುಂಚೆ ಅದನ್ನು ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಇಷ್ಟೊಂದು ವಿವರ ಬೇಡ ಅನ್ನುವವರಿಗೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಇದೆ, ಅದು ಓಪನ್ ಸೋರ್ಸ್. ಡ್ರೈವ್‌ಗಳಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಕು. ಗೇಮ್ ಆಡುವಾಗ ಪರದೆಯ ಮೂಲೆಯಲ್ಲೇ ಕಾಣಬೇಕು ಅಂದರೆ ಎಂಎಸ್‌ಐ ಆಫ್ಟರ್‌ಬರ್ನರ್. ಆದರೆ ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ಓಡಿಸಬೇಡಿ. ಮದರ್‌ಬೋರ್ಡಿನ ಒಂದೇ ಸೆನ್ಸರ್ ಚಿಪ್ ಅನ್ನು ಎಲ್ಲವೂ ಏಕಕಾಲಕ್ಕೆ ಕೇಳಲು ಹೋಗಿ ತಪ್ಪು ಸಂಖ್ಯೆಗಳು ಬರುತ್ತವೆ, ಕೆಲವು ಸಲ ಫ್ಯಾನ್ ಕೂಡ ಹುಚ್ಚುಹುಚ್ಚಾಗಿ ತಿರುಗುತ್ತದೆ. ಇನ್ನೊಂದು ವಿಷಯ: ಇಂಥ ಸಾಫ್ಟ್‌ವೇರ್‌ಗಳಲ್ಲಿ ಹಲವು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರ್ ಅನ್ನು 2025ರಲ್ಲಿ ವಿಂಡೋಸ್ ಡಿಫೆಂಡರ್ ಅಪಾಯಕಾರಿ ಅಂತ ಹಿಡಿಯತೊಡಗಿತು. ನಿಮ್ಮ ಹಳೆಯ ಸಾಫ್ಟ್‌ವೇರ್‌ಗೆ ಎಚ್ಚರಿಕೆ ಬಂದರೆ ಅದು ಸುಮ್ನೆ ಬಂದದ್ದಲ್ಲ, ಆ ಡ್ರೈವರ್‌ನಲ್ಲಿ ನಿಜಕ್ಕೂ ಭದ್ರತೆಯ ತೂತು ಇತ್ತು. ಡಿಫೆಂಡರ್ ಅನ್ನು ಆಫ್ ಮಾಡುವ ಬದಲು ಹೊಸ ಆವೃತ್ತಿ ಹಾಕಿಕೊಳ್ಳಿ.

ಲಿನಕ್ಸ್‌ನಲ್ಲಿ ಎಲ್‌ಎಂ ಸೆನ್ಸರ್ಸ್ ಪ್ಯಾಕೇಜ್ ಹಾಕಿ, ಒಂದು ಸಲ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಆಮೇಲೆ ಟರ್ಮಿನಲ್‌ನಲ್ಲಿ ಸೆನ್ಸರ್ಸ್ ಅಂತ ಟೈಪ್ ಮಾಡಿದರೆ ಆಯಿತು. ಎನ್‌ವಿಡಿಯಾ ಕಾರ್ಡಿಗೆ ಅದರದ್ದೇ ಎನ್‌ವಿಡಿಯಾ-ಎಸ್‌ಎಂಐ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ವಿಸಿಜೆನ್‌ಸಿಎಂಡಿ (vcgencmd) ಆಜ್ಞೆ ಇದೆ. ಆ ಪೈ 80 ದಾಟಿದಾಗ ನಿಧಾನವಾಗಲು ಶುರುಮಾಡಿ 85ರಲ್ಲಿ ಪೂರ್ತಿ ಕಡಿವಾಣ ಹಾಕುತ್ತದೆ. ಮ್ಯಾಕ್‌ನಲ್ಲಿ ಸ್ಟ್ಯಾಟ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕಾಗುತ್ತದೆ.

ಬಯೋಸ್ ಪರದೆಯಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಯಲ್ಲಿ, ಕಾಣುವ ಟೆಂಪರೇಚರ್ ನಂಬಿ ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಪ್ರೊಸೆಸರ್‌ಗೆ ನಿದ್ದೆ ಮಾಡಲು ಹೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ವಿಂಡೋಸ್ ಅಥವಾ ಲಿನಕ್ಸ್‌ನಲ್ಲಿ ಸುಮ್ಮನೆ ಕೂತಾಗ ತೋರಿಸುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ.

ಯಾವ ಸಂಖ್ಯೆ ನಂಬಬೇಕು, ಯಾವುದನ್ನು ಬಿಡಬೇಕು

ಪಟ್ಟಿಯಲ್ಲಿ ಮೂವತ್ತು ನಲವತ್ತು ಟೆಂಪರೇಚರ್ ಇರಬಹುದು. ಅದರಲ್ಲಿ ಕೆಲವು ಬರೀ ಸುಳ್ಳು. ಮದರ್‌ಬೋರ್ಡಿನ ಸೆನ್ಸರ್ ಚಿಪ್‌ಗೆ ಆರೇಳು ಕಾಲು ಇರುತ್ತವೆ, ತಯಾರಕರು ಎಲ್ಲಕ್ಕೂ ಸೆನ್ಸರ್ ಜೋಡಿಸಿರುವುದಿಲ್ಲ. ಖಾಲಿ ಕಾಲು ಗಾಳಿಯಲ್ಲಿ ತೇಲುತ್ತಾ ಬಾಯಿಗೆ ಬಂದ ಸಂಖ್ಯೆ ಹೇಳುತ್ತದೆ. ‘ಆಕ್ಸ್’ ಎಂಬ ಹೆಸರಿನಲ್ಲಿ 127 ಡಿಗ್ರಿ ಕಂಡರೆ, ಅಥವಾ ಸೊನ್ನೆಗಿಂತ ಕೆಳಗಿನ ಸಂಖ್ಯೆ ಕಂಡರೆ, ಅದು ಅದೇ. ಪರೀಕ್ಷೆ ಸುಲಭ: ಕಂಪ್ಯೂಟರ್‌ಗೆ ಭಾರಿ ಕೆಲಸ ಕೊಟ್ಟು ಹತ್ತು ನಿಮಿಷ ನೋಡಿ. ಎಲ್ಲವೂ ಏರುತ್ತಿರುವಾಗ ಒಂದೇ ಒಂದು ಸಂಖ್ಯೆ ಅಲ್ಲಾಡದೆ ಕೂತಿದ್ದರೆ ಅದನ್ನು ಪಟ್ಟಿಯಿಂದ ಮರೆಮಾಡಿ.

ಪ್ರೊಸೆಸರ್‌ನದ್ದು ಬೇರೆ ಕತೆ. ಇಂಟೆಲ್ ಪ್ರೊಸೆಸರ್ ಒಳಗಿನ ಸೆನ್ಸರ್ ನಿಜವಾಗಿ ‘ನಾನು ಇಷ್ಟು ಡಿಗ್ರಿ ಇದ್ದೇನೆ’ ಅಂತ ಹೇಳುವುದಿಲ್ಲ, ‘ಮಿತಿಗೆ ಇನ್ನು ಇಷ್ಟು ಬಾಕಿ’ ಅಂತ ಹೇಳುತ್ತದೆ. ಆ ಮಿತಿಗೆ ಟಿಜೆ ಮ್ಯಾಕ್ಸ್ ಅನ್ನುತ್ತಾರೆ. ಸಾಫ್ಟ್‌ವೇರ್ ಕಳೆಯುವ ಲೆಕ್ಕ ಮಾಡಿ ನಮಗೆ ತೋರಿಸುತ್ತದೆ. ಹಾಗಾಗಿ ಮಿತಿಯ ಹತ್ತಿರ ಹೋದಾಗ ರೀಡಿಂಗ್ ನಿಖರ, ತಣ್ಣಗಿದ್ದಾಗ ಅಷ್ಟು ನಿಖರವಲ್ಲ. ಸುಮ್ಮನೆ ಕೂತ ಕಂಪ್ಯೂಟರ್‌ನಲ್ಲಿ ಒಂದು ಕೋರ್ 29, ಪಕ್ಕದ್ದು 35 ತೋರಿಸಿದರೆ ಕೂಲರ್ ವಾರೆಯಾಗಿದೆ ಅಂತ ಬಿಚ್ಚಲು ಹೋಗಬೇಡಿ. ಕೋಣೆಗಿಂತ ಕಡಿಮೆ ತೋರಿಸಿದರಂತೂ ಅದು ಸೆನ್ಸರ್‌ನ ತಪ್ಪೇ. ಗಾಳಿಯಿಂದ ತಣಿಸುವ ಯಾವ ಕೂಲರ್‌ಗೂ ಕೋಣೆಯ ಗಾಳಿಗಿಂತ ಕೆಳಗೆ ಇಳಿಸಲು ಸಾಧ್ಯವಿಲ್ಲ, ನೀರಿನದ್ದಕ್ಕೂ ಅಷ್ಟೇ.

ಎಎಂಡಿಯಲ್ಲಿ ಟಿಸಿಟಿಎಲ್, ಟಿ-ಡೈ ಅಂತ ಎರಡು ಹೆಸರು ಕಾಣುತ್ತವೆ. ಮೊದಲನೆಯದು ಫ್ಯಾನ್ ನಡೆಸಲು ಕೊಡುವ ಸಂಖ್ಯೆ, ಎರಡನೆಯದು ನಿಜವಾದ ಬಿಸಿ. ಮೊದಲ ತಲೆಮಾರಿನ ರೈಝನ್ 1700ಎಕ್ಸ್, 1800ಎಕ್ಸ್‌ಗಳಲ್ಲಿ ಟಿಸಿಟಿಎಲ್ ಬೇಕೆಂದೇ 20 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು, ಎಷ್ಟು ಜನ ಅದನ್ನು ನೋಡಿ ಹೊಸ ಕೂಲರ್ ಕೊಂಡರೋ ಏನೋ. ಈಗಿನವುಗಳಲ್ಲಿ ಎರಡೂ ಒಂದೇ ಇರುತ್ತವೆ. ರೈಝನ್‌ನ ಇನ್ನೊಂದು ಚಾಳಿ: ಏನೂ ಕೆಲಸವಿಲ್ಲದಾಗಲೂ 40, 53, 44, 51 ಅಂತ ಕುಣಿಯುತ್ತಿರುತ್ತದೆ. ಸಣ್ಣ ಕೆಲಸ ಬಂದರೂ ಒಂದು ಕೋರ್ ಪೂರ್ತಿ ವೇಗಕ್ಕೆ ಹಾರಿ ಮುಗಿಸಿ ಮಲಗುತ್ತದೆ, ಅದಕ್ಕೇ ಹೀಗೆ. ಫ್ಯಾನ್ ಸದ್ದು ಏರಿಳಿದು ತಲೆ ತಿನ್ನುತ್ತಿದ್ದರೆ ಬಯೋಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಗೆ ಕೆಲವು ಸೆಕೆಂಡ್ ತಡ ಇಟ್ಟರೆ ಸಾಕು.

ಮಿತಿಗಳು, ಭಾಗಕ್ಕೊಂದು

ಪ್ರೊಸೆಸರ್ ಸುಟ್ಟುಹೋಗುವ ಭಯ ಹಳೆಯ ಕಾಲದ್ದು. 2001ರಲ್ಲಿ ಓಡುತ್ತಿರುವ ಅಥ್ಲಾನ್ ಪ್ರೊಸೆಸರ್ ಮೇಲಿಂದ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಕಿತ್ತ ವಿಡಿಯೋ ಒಂದು ಎಲ್ಲೆಡೆ ಓಡಾಡಿತ್ತು. ಹೊಗೆ ಎದ್ದು ಪ್ರೊಸೆಸರ್ ಸತ್ತೇಹೋಯಿತು. ಅದೇ ಪರೀಕ್ಷೆಯಲ್ಲಿ ಪೆಂಟಿಯಂ 4 ಮಾತ್ರ ವೇಗ ಇಳಿಸಿಕೊಂಡು ಬದುಕಿತು. ಈಗಿನ ಎಲ್ಲ ಪ್ರೊಸೆಸರ್‌ಗಳೂ ಆ ಪೆಂಟಿಯಂ ದಾರಿಯಲ್ಲೇ ಇವೆ: ಮಿತಿ ಮುಟ್ಟಿದರೆ ಮೊದಲು ವೇಗ ಇಳಿಸುತ್ತವೆ, ಇದಕ್ಕೇ ಥ್ರಾಟಲ್ ಅನ್ನುವುದು. ಆದರೂ ಏರಿದರೆ ಒಂದೇ ಏಟಿಗೆ ಕರೆಂಟ್ ಕಡಿದುಕೊಳ್ಳುತ್ತವೆ. ಅಂದರೆ ಬಿಸಿಯಿಂದ ನಿಮಗೆ ಮೊದಲು ಆಗುವ ನಷ್ಟ ವೇಗದ್ದು.

ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಕೋರ್ ಅಲ್ಟ್ರಾ 200 ಸರಣಿಯದ್ದು 105. ರೈಝನ್ 5000 ಸರಣಿಯಲ್ಲಿ 90 ಅಥವಾ 95, ರೈಝನ್ 7000ದಲ್ಲಿ 95, ಅದೇ ಸರಣಿಯ 7800ಎಕ್ಸ್3ಡಿಯಂಥ ಎಕ್ಸ್3ಡಿ ಮಾದರಿಗಳಿಗೆ ಮಾತ್ರ 89, ಯಾಕೆಂದರೆ ಆ ಪ್ರೊಸೆಸರ್‌ಗಳಲ್ಲಿ ಕೋರ್‌ಗಳ ಮೇಲೆ ಇನ್ನೊಂದು ಮೆಮೊರಿ ಪದರ ಕೂತಿದೆ, ಬಿಸಿ ಅದನ್ನು ದಾಟಿ ಬರಬೇಕು. ನಿಮ್ಮದು ಯಾವುದು ಅಂತ ತಯಾರಕರ ಜಾಲತಾಣದಲ್ಲಿ ಮಾದರಿಯ ಹೆಸರು ಹಾಕಿ ನೋಡಿ. ಎಲ್ಲರಿಗೂ ಒಂದೇ ಮಿತಿ ಅಂತ ಹೇಳುವವರ ಮಾತು ಕೇಳಬೇಡಿ.

ಇಲ್ಲಿ ತಲೆಕೆಳಗಾಗುವ ಸಂಗತಿ ಒಂದಿದೆ. ರೈಝನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಭಾರಿ ಕೆಲಸದಲ್ಲಿ 95ಕ್ಕೆ ಹೋಗಿ ಅಲ್ಲೇ ನಿಲ್ಲುವಂತೆಯೇ ಮಾಡಲಾಗಿದೆ, ಇದನ್ನು ಎಎಂಡಿಯೇ ಹೇಳಿದೆ. ಒಳ್ಳೆಯ ಕೂಲರ್ ಹಾಕಿದರೂ 95ರಲ್ಲೇ ಇರಬಹುದು, ಆದರೆ ವೇಗ ಏರಿರುತ್ತದೆ. ಹಾಗಾಗಿ ಇಂಥ ಪ್ರೊಸೆಸರ್‌ಗಳಲ್ಲಿ ಡಿಗ್ರಿ ನೋಡಿ ಕೂಲರ್ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಲಾಗುವುದಿಲ್ಲ. ಗಿಗಾಹರ್ಟ್ಸ್ ಮತ್ತು ವ್ಯಾಟ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕು.

ಲ್ಯಾಪ್‌ಟಾಪ್‌ಗಳಲ್ಲಿ ಕೆಲಸದ ಹೊತ್ತಿಗೆ 90, 95 ಸಾಮಾನ್ಯ. ತೆಳ್ಳಗಿನ ಡಬ್ಬಿಯೊಳಗೆ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಂದೇ ಹೀಟ್‌ಪೈಪ್ ಹಂಚಿಕೊಂಡಿರುತ್ತವೆ, ಇನ್ನೇನು ಆಗಬೇಕು? ಅದರಲ್ಲಿ ನನಗೆ ಪ್ರೊಸೆಸರ್‌ಗಿಂತ ಬ್ಯಾಟರಿಯದ್ದೇ ಚಿಂತೆ. ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು, ಬಿಸಿಯಲ್ಲಿ ಪೂರ್ತಿ ಚಾರ್ಜ್ ಆಗಿ ಕೂತಷ್ಟೂ ಅವು ಬೇಗ ಸಾಯುತ್ತವೆ. ಸದಾ ಪ್ಲಗ್ ಹಾಕಿಯೇ ಬಳಸುವವರು ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಇಡುವ ಸೆಟ್ಟಿಂಗ್ ಇದೆಯಾ ನೋಡಿ. ಟಚ್‌ಪ್ಯಾಡ್ ಉಬ್ಬಿದಂತೆ, ಕ್ಲಿಕ್ ಆಗದಂತೆ ಅನ್ನಿಸಿದರೆ ಡಿಗ್ರಿ ನೋಡುತ್ತಾ ಕೂರಬೇಡಿ, ಬ್ಯಾಟರಿ ಊದಿರಬಹುದು. ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ.

ಗ್ರಾಫಿಕ್ಸ್ ಕಾರ್ಡಿಗೆ ಒಂದಲ್ಲ, ಮೂರು ಟೆಂಪರೇಚರ್. ಜಿಪಿಯು ಅಂತ ಮೊದಲು ಕಾಣುವುದು ಗ್ರಾಫಿಕ್ಸ್ ಚಿಪ್‌ನ ಸಾಮಾನ್ಯ ರೀಡಿಂಗ್. ಎನ್‌ವಿಡಿಯಾ ಆರ್‌ಟಿಎಕ್ಸ್ 3080ಗೆ ಇದರ ಮಿತಿ 93, 4090ಗೆ 90. ಗೇಮ್‌ನಲ್ಲಿ 65ರಿಂದ 80ರ ಒಳಗೆ ಇದ್ದರೆ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಎರಡನೆಯದು ಹಾಟ್ ಸ್ಪಾಟ್, ಎಎಂಡಿಯಲ್ಲಿ ಜಂಕ್ಷನ್, ಅಂದರೆ ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗ. ರೇಡಿಯಾನ್ ಆರ್‌ಎಕ್ಸ್ 5000ದಿಂದ 7000ದವರೆಗೆ ಇದರ ಮಿತಿ 110. ಇಲ್ಲಿ ನೋಡಬೇಕಾದದ್ದು ಎರಡರ ನಡುವಿನ ಅಂತರ. 10ರಿಂದ 20 ಇದ್ದರೆ ಸರಿ. ಮೊದಲು 14 ಇದ್ದ ಅಂತರ ಈಗ 30 ಆಗಿದ್ದರೆ ಚಿಪ್ ಮತ್ತು ಕೂಲರ್ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಂದು ಕಡೆಯಿಂದ ಜಾರಿಹೋಗಿದೆ, ಬಿಸಿಯಾಗಿ ತಣ್ಣಗಾಗಿ ಚಿಪ್ ಉಬ್ಬಿ ಕುಗ್ಗುವಾಗ ಪೇಸ್ಟ್ ಅಂಚಿಗೆ ತಳ್ಳಿಸಿಕೊಳ್ಳುತ್ತದೆ. ಅಂದಹಾಗೆ, ಎನ್‌ವಿಡಿಯಾ 50 ಸರಣಿಯ ಕಾರ್ಡ್‌ಗಳಲ್ಲಿ ಈ ಹಾಟ್ ಸ್ಪಾಟ್ ಸಂಖ್ಯೆಯೇ ಕಾಣುವುದಿಲ್ಲ. ಇದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಮೂರನೆಯದು ಮೆಮೊರಿ ಜಂಕ್ಷನ್. ಶುರುವಿನಲ್ಲಿ ಹೇಳಿದ 108 ಇದೇ. ಜಿಡಿಡಿಆರ್6ಎಕ್ಸ್ ಮೆಮೊರಿ 110 ಮುಟ್ಟಿದರೆ ಕಾರ್ಡ್ ವೇಗ ಇಳಿಸುತ್ತದೆ. ನನ್ನ ಕಾರ್ಡಿನಲ್ಲಿ ಜಿಪಿಯು ಬರೀ 71 ಇತ್ತು, ಫ್ಯಾನ್‌ಗಳು ಆ 71 ನೋಡಿಕೊಂಡು ಆರಾಮಾಗಿ ತಿರುಗುತ್ತಿದ್ದವು, ಹಿಂದೆ ಮೆಮೊರಿ ಬೇಯುತ್ತಿತ್ತು. ಮೆಮೊರಿಯ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪ್ಯಾಡ್ ಬದಲಿಸಿ, ಫ್ಯಾನ್ ಸ್ವಲ್ಪ ಏರಿಸಿದ ಮೇಲೆ 90ರ ಆಸುಪಾಸಿಗೆ ಬಂತು.

ಎನ್‌ವಿಎಂಇ ಎಸ್‌ಎಸ್‌ಡಿಗಳ ಮಾಹಿತಿ ಪತ್ರದಲ್ಲಿ ಸಾಮಾನ್ಯವಾಗಿ 0ರಿಂದ 70 ಡಿಗ್ರಿ ಅಂತ ಇರುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ 65 ಮುಟ್ಟಿದರೆ ಪರವಾಗಿಲ್ಲ, ಇನ್ನೂ ಏರಿದರೆ ಅದೂ ವೇಗ ಇಳಿಸಿಕೊಳ್ಳುತ್ತದೆ. ಕಾಪಿ ಮೊದಲು ಜೋರಾಗಿ ಓಡಿ ಆಮೇಲೆ ತೆವಳಿದರೆ ಟೆಂಪರೇಚರ್ ನೋಡಿ, ಆದರೆ ಡ್ರೈವ್‌ನ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದರೂ ಹಾಗೇ ಆಗುತ್ತದೆ ಅನ್ನುವುದು ನೆನಪಿರಲಿ. ಇದರಲ್ಲಿ ನನಗೆ ಇಷ್ಟವಾದದ್ದು ಸ್ಮಾರ್ಟ್ ಮಾಹಿತಿ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ದಾಖಲೆ. ಎಚ್ಚರಿಕೆಯ ಮಿತಿ ದಾಟಿ ಒಟ್ಟು ಎಷ್ಟು ನಿಮಿಷ ಕಳೆದಿದೆ ಅಂತ ಡ್ರೈವ್ ತಾನೇ ಲೆಕ್ಕ ಇಟ್ಟುಕೊಂಡಿರಬಹುದು. ನೀವು ನೋಡದಿದ್ದಾಗ ಏನಾಯಿತು ಅನ್ನುವುದೂ ಅಲ್ಲಿ ಸಿಗುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ಗಳ ಮಿತಿ ಸಾಮಾನ್ಯವಾಗಿ 60, ನಾನು 45 ದಾಟಲು ಬಿಡುವುದಿಲ್ಲ. ಆದರೆ ತಣ್ಣಗಿದ್ದಷ್ಟೂ ಒಳ್ಳೆಯದು ಅನ್ನುವುದು ಇಲ್ಲಿ ಸುಳ್ಳು. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಬರೆದ ವರದಿಯಲ್ಲಿ, ತೀರ ಬಿಸಿಯಾದಾಗ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ ಬಿಟ್ಟರೆ, ಬಿಸಿ ಏರಿದ ಮಾತ್ರಕ್ಕೆ ಕೆಡುವುದು ಜಾಸ್ತಿಯಾಗಿರಲಿಲ್ಲ.

ರ್‍ಯಾಮ್ ಬಗ್ಗೆ ಹೆಚ್ಚಿನವರು ಯೋಚಿಸಬೇಕಿಲ್ಲ. ಚಿಪ್‌ಗಳು 85 ಡಿಗ್ರಿವರೆಗೆ ಸಾಮಾನ್ಯವಾಗಿ ನಡೆಯುತ್ತವೆ. ಓವರ್‌ಕ್ಲಾಕ್ ಮಾಡಿದವರಿಗೆ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವವರಿಗೆ) ಮಾತ್ರ ಅದಕ್ಕಿಂತ ಬಹಳ ಮೊದಲೇ ತೊಂದರೆ ಶುರುವಾಗಬಹುದು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವ ವಿಆರ್‌ಎಂ 90ರಲ್ಲಿದ್ದರೂ ನಡೆಯುತ್ತದೆ, ಅಲ್ಲಿನ ಮಾಸ್‌ಫೆಟ್ ಎಂಬ ಬಿಡಿಭಾಗಗಳು 125 ಅಥವಾ ಅದಕ್ಕೂ ಮೇಲೆ ತಾಳುತ್ತವೆ. 

ಸೆನ್ಸರ್ ಇಲ್ಲದ ಜಾಗಗಳೂ ಇವೆ ಅನ್ನುವುದನ್ನು ಮರೆಯಬೇಡಿ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳ ಪವರ್ ಕನೆಕ್ಟರ್ ಕರಗಿದ ಸುದ್ದಿ ಬಂದಾಗ ಆ ಜನರ ಪರದೆ ಮೇಲೆ ಜಿಪಿಯು ಟೆಂಪರೇಚರ್ ಸರಿಯಾಗಿಯೇ ಇದ್ದಿರಬೇಕು. ಕೇಬಲ್ ಪೂರ್ತಿ ಒಳಗೆ ಕೂತಿದೆಯಾ ಅಂತ ಕಣ್ಣಿನಿಂದಲೇ ನೋಡಬೇಕು, ಅದಕ್ಕೆ ಸಾಫ್ಟ್‌ವೇರ್ ಇಲ್ಲ.

ಈಗ ಸರಿಯಾಗಿ ಅಳೆಯೋಣ

ಕಂಪ್ಯೂಟರ್ ಚೆನ್ನಾಗಿರುವಾಗಲೇ ಅಳೆದಿಡಿ. ಕೆಟ್ಟ ಮೇಲೆ ಅಳೆದರೆ ಹೋಲಿಸಲು ಏನೂ ಇರುವುದಿಲ್ಲ.

ಕಂಪ್ಯೂಟರ್ ಆನ್ ಮಾಡಿ ಹದಿನೈದು ನಿಮಿಷ ಸುಮ್ಮನೆ ಬಿಡಿ. ಅಪ್‌ಡೇಟ್, ಆಂಟಿವೈರಸ್ ಎಲ್ಲ ತಮ್ಮ ಕೆಲಸ ಮುಗಿಸಲಿ. ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಸಿನೆಬೆಂಚ್‌ನಂಥ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಕೊನೆಯ ಎರಡು ನಿಮಿಷದ ಸರಾಸರಿ ಬರೆದುಕೊಳ್ಳಿ. ಅದಾದ ಮೇಲೆ ನೀವು ದಿನಾ ಮಾಡುವ ಅತಿ ಭಾರದ ಕೆಲಸ ಯಾವುದೋ ಅದನ್ನು, ಗೇಮ್ ಆಗಲಿ ವಿಡಿಯೋ ಎಡಿಟಿಂಗ್ ಆಗಲಿ, ಅರ್ಧ ಗಂಟೆ ಮಾಡಿ. ನೀರಿನ ಕೂಲರ್ ಇದ್ದವರಿಗೆ ಅರ್ಧ ಗಂಟೆ ಬೇಕೇ ಬೇಕು, ನೀರು ಬಿಸಿಯಾಗಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ಹೊತ್ತು ಹಿಡಿಯುತ್ತದೆ. ಗರಿಷ್ಠ ಭಾರ ಹೇರಲೆಂದೇ ಇರುವ ಪ್ರೈಮ್95, ಫರ್‌ಮಾರ್ಕ್ ಓಡಿಸುವವರಿದ್ದಾರೆ. ನಿಮ್ಮ ಯಾವ ಕೆಲಸವೂ ಅಷ್ಟು ಬಿಸಿ ಮಾಡುವುದಿಲ್ಲ. ಅಲ್ಲಿ 100 ಬಂತು ಅಂತ ನಿದ್ದೆಗೆಡಬೇಡಿ.

ಬರೆಯುವಾಗ ಡಿಗ್ರಿಯ ಜೊತೆಗೆ ಫ್ಯಾನ್ ವೇಗ, ಗಿಗಾಹರ್ಟ್ಸ್, ವ್ಯಾಟ್ ಬರೆಯಿರಿ. ಮುಖ್ಯವಾಗಿ ಕೋಣೆಯ ಟೆಂಪರೇಚರ್ ಬರೆಯಿರಿ, ಒಂದು ಸಾಧಾರಣ ಥರ್ಮಾಮೀಟರ್ ಅನ್ನು ಗಾಳಿ ಒಳಗೆ ಹೋಗುವ ಕಡೆ ಇಟ್ಟರೆ ಸಾಕು. ಯಾಕೆ ಅಂದರೆ ನಮಗೆ ಬೇಕಾದ ನಿಜವಾದ ಸಂಖ್ಯೆ ಎರಡರ ವ್ಯತ್ಯಾಸ. ಕೋಣೆ 24, ಪ್ರೊಸೆಸರ್ 74 ಅಂದರೆ ವ್ಯತ್ಯಾಸ 50. ಬೇಸಿಗೆಯಲ್ಲಿ ಕೋಣೆ 34 ಆದಾಗ ಅದೇ ಕೆಲಸಕ್ಕೆ ಅದೇ ಫ್ಯಾನ್ ವೇಗದಲ್ಲಿ 84 ಬಂದರೆ ಕಂಪ್ಯೂಟರ್‌ಗೆ ಏನೂ ಆಗಿಲ್ಲ, ಹವೆ ಬದಲಾಗಿದೆ ಅಷ್ಟೇ. ಆದರೆ ಕೋಣೆ 24 ಇರುವಾಗಲೇ 86 ಬಂದರೆ ವ್ಯತ್ಯಾಸ 62 ಆಯಿತು, ಏನೋ ಕೆಟ್ಟಿದೆ. 86 ತೋರಿಸುವ ಕಂಪ್ಯೂಟರ್ 84 ತೋರಿಸುವುದಕ್ಕಿಂತ ಬರೀ 2 ಡಿಗ್ರಿ ಬಿಸಿ, ಆದರೆ 84ರದ್ದು ಆರೋಗ್ಯವಾಗಿದೆ, 86ರದ್ದಕ್ಕೆ ಕಾಯಿಲೆ.

ಏರುವ ರೀತಿಯೂ ಕಾಯಿಲೆ ಹೇಳುತ್ತದೆ. ಎಚ್‌ಡಬ್ಲ್ಯೂ ಇನ್ಫೋದಲ್ಲಿ ಸೆನ್ಸರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗ್ರಾಫ್ ತೆರೆಯುತ್ತದೆ. ಕೆಲಸ ಶುರುವಾದ ಒಂದೆರಡು ಸೆಕೆಂಡಿನಲ್ಲೇ ಗೋಡೆಯಂತೆ ನೆಟ್ಟಗೆ ಮಿತಿಗೆ ಏರಿ, ಕೆಲಸ ನಿಲ್ಲಿಸಿದ ಕೂಡಲೇ ಧಬಕ್ಕನೆ ಇಳಿದರೆ ಬಿಸಿ ಕೂಲರ್‌ಗೆ ದಾಟುತ್ತಲೇ ಇಲ್ಲ ಅಂತ ಅರ್ಥ. ಪೇಸ್ಟ್ ಒಣಗಿರಬಹುದು, ಕೂಲರ್ ಸರಿಯಾಗಿ ಕೂತಿಲ್ಲದಿರಬಹುದು, ನೀರಿನ ಪಂಪ್ ನಿಂತಿರಬಹುದು. ನನ್ನ ವಿಷಯದಲ್ಲಿ ಒಮ್ಮೆ ಇದಾವುದೂ ಆಗಿರಲಿಲ್ಲ. ಹೊಸ ಕೂಲರ್‌ನ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸಿದ್ದೆ. ಹಾಳೆ ಮೇಲೆ ದೊಡ್ಡದಾಗಿ ‘ತೆಗೆಯಿರಿ’ ಅಂತ ಬರೆದೂ ಇತ್ತು. (ಮೊದಲು ಪ್ರೊಸೆಸರ್ ಕೆಟ್ಟಿದೆ ಅಂತ ಎರಡು ದಿನ ಬೈದುಕೊಂಡಿದ್ದೆ.) ಎಲ್ಲ ದೊಡ್ಡ ಕೂಲರ್‌ಗಳಿಗೂ ಈ ಬಗೆಯ ಸ್ವಲ್ಪ ಜಿಗಿತ ಇದ್ದೇ ಇರುತ್ತದೆ, ಈಗಿನ ಪ್ರೊಸೆಸರ್‌ಗಳು ಬೆರಳುಗುರಿನಷ್ಟು ಜಾಗದಲ್ಲಿ ನೂರಾರು ವ್ಯಾಟ್ ಸುರಿಯುತ್ತವೆ. ಹಾಗಾಗಿ ಜಿಗಿದದ್ದು ತಪ್ಪಲ್ಲ, ನೆಟ್ಟಗೆ ಮಿತಿಗೇ ಹೋದದ್ದು ತಪ್ಪು.

ಇದಕ್ಕೆ ಬದಲು ಹತ್ತು ಇಪ್ಪತ್ತು ನಿಮಿಷ ನಿಧಾನವಾಗಿ ಏರುತ್ತಲೇ ಹೋದರೆ ಪೇಸ್ಟ್ ಸರಿಯಿದೆ, ಪೆಟ್ಟಿಗೆಯೊಳಗಿನ ಬಿಸಿಗಾಳಿ ಹೊರಗೆ ಹೋಗುತ್ತಿಲ್ಲ. ಖಾತ್ರಿ ಮಾಡಿಕೊಳ್ಳಲು ಕೆಲಸ ನಡೆಯುತ್ತಿರುವಾಗಲೇ ಪಕ್ಕದ ಬಾಗಿಲು ತೆಗೆದು ಐದು ನಿಮಿಷ ಕಾಯಿರಿ. 7, 8 ಡಿಗ್ರಿ ಇಳಿದರೆ ದೋಷ ಗಾಳಿಯದ್ದೇ. ಇನ್ನು ಟೆಂಪರೇಚರ್ ನೇರ ಗೆರೆಯಂತೆ ಮಿತಿಗೆ ಅಂಟಿಕೊಂಡು ಗಿಗಾಹರ್ಟ್ಸ್ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದರೆ ಅದು ಥ್ರಾಟಲ್. ಎಚ್‌ಡಬ್ಲ್ಯೂ ಇನ್ಫೋದಲ್ಲಿ ‘ಥರ್ಮಲ್ ಥ್ರಾಟ್ಲಿಂಗ್’ ಎದುರು ಹೌದು, ಇಲ್ಲ ಅಂತಲೇ ಬರೆದಿರುತ್ತದೆ. ಅದರ ಪಕ್ಕದಲ್ಲೇ ಪವರ್ ಲಿಮಿಟ್ ಅಂತಲೂ ಇರುತ್ತದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಇಂಟೆಲ್ ಲ್ಯಾಪ್‌ಟಾಪ್ ಶುರುವಿನ ಅರ್ಧ ನಿಮಿಷ ಜೋರಾಗಿ ಓಡಿ ಆಮೇಲೆ 70 ಡಿಗ್ರಿಯಲ್ಲೇ ವೇಗ ಇಳಿಸಿದರೆ ಅದು ಬಿಸಿಗೆ ಹೆದರಿದ್ದಲ್ಲ, ತಯಾರಕರು ಇಟ್ಟ ವ್ಯಾಟ್ ಮಿತಿಗೆ ಬಂದದ್ದು. ಪೇಸ್ಟ್ ಬದಲಿಸಿ ಅದನ್ನು ಸರಿಮಾಡಲು ಆಗುವುದಿಲ್ಲ.

ಜಾಸ್ತಿ ಇದೆ ಅಂತ ಖಾತ್ರಿಯಾದರೆ

ಮೊದಲು ಧೂಳು. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಅದು ಬುಗುರಿಯಂತೆ ತಿರುಗಿದರೆ ನೋಡಲು ಮಜಾ, ಬೇರಿಂಗ್‌ಗೆ ಸಜೆ. ಲ್ಯಾಪ್‌ಟಾಪ್‌ನಲ್ಲಿ ಧೂಳು ಫ್ಯಾನ್ ಮೇಲೆ ಕೂರುವುದಕ್ಕಿಂತ ಹೀಟ್‌ಸಿಂಕ್‌ನ ರೆಕ್ಕೆಗಳ ಮುಂದೆ ಕಂಬಳಿಯಂತೆ ಕೂರುತ್ತದೆ, ಹೊರಗಿನಿಂದ ಊದಿದರೆ ಒಳಗೇ ಹೋಗುತ್ತದೆ. ತಳದ ಮುಚ್ಚಳ ತೆಗೆದು ಸ್ವಚ್ಛ ಮಾಡಬೇಕು. ಹಾಸಿಗೆ ಮೇಲೆ ಇಟ್ಟು ಬಳಸುವವರು ಮೊದಲು ಅದನ್ನು ಬಿಟ್ಟು ಅಳೆದು ನೋಡಿ.

ಅದಕ್ಕೂ ಬಗ್ಗದಿದ್ದರೆ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಸೆಟ್ಟಿಂಗ್) ಬದಲಿಸಿ, ಆಮೇಲೆ ಪವರ್ ಲಿಮಿಟ್ ಇಳಿಸಿ. ಈ ಎರಡನೆಯದು ಯಾಕೋ ಯಾರಿಗೂ ಇಷ್ಟವಿಲ್ಲ. ಆದರೆ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪವರ್ ಅನ್ನು ಶೇಕಡಾ 80ಕ್ಕೆ ಇಳಿಸಿ ನೋಡಿ, ವೇಗ ಇಳಿದದ್ದು ಬಹಳ ಸಲ ಕಣ್ಣಿಗೇ ಕಾಣುವುದಿಲ್ಲ, ಬಿಸಿ ಮತ್ತು ಸದ್ದು ಮಾತ್ರ ಚೆನ್ನಾಗಿ ಇಳಿದಿರುತ್ತದೆ. ತುದಿಯ ಸ್ವಲ್ಪ ವೇಗಕ್ಕಾಗಿ ತಯಾರಕರು ಬಹಳಷ್ಟು ವ್ಯಾಟ್ ಸುರಿದಿರುತ್ತಾರೆ. ಕೂಲರ್ ಬಿಚ್ಚಿ ಪೇಸ್ಟ್ ಬದಲಿಸುವುದು ಕೊನೆಗೆ. ಪೇಸ್ಟ್ ಬದಲು ದ್ರವರೂಪದ ಲೋಹ, ಅಂದರೆ ಲಿಕ್ವಿಡ್ ಮೆಟಲ್ ಹಾಕುವ ಆಸೆ ಬಂದರೆ ಕೂಲರ್‌ನ ತಳ ಅಲ್ಯುಮಿನಿಯಂ ಅಲ್ಲ ಅಂತ ನೋಡಿಕೊಳ್ಳಿ, ಅದರಲ್ಲಿನ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ. ಫ್ರಿಜ್‌ನಲ್ಲಿಡುವ ಯೋಚನೆ ಬೇಡ, ಹೊರಗೆ ತೆಗೆದಾಗ ಒಳಗೆಲ್ಲ ನೀರು ಕಟ್ಟುತ್ತದೆ.

ಮಿತಿಯೊಳಗಿದ್ದರೂ ಇಳಿಸುವುದರಿಂದ ಲಾಭ ಇದೆಯಾ? ಸ್ವಲ್ಪ ಇದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ಇಳಿದರೆ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಎಂಜಿನಿಯರ್‌ಗಳ ರೂಢಿ ಲೆಕ್ಕ. ಬಿಸಿಯಾದ ಚಿಪ್ ಅದೇ ಕೆಲಸಕ್ಕೆ ಕರೆಂಟನ್ನೂ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಆದರೆ 72ನ್ನು 68 ಮಾಡಲು ಫ್ಯಾನ್‌ಗಳನ್ನು ವಿಮಾನದಂತೆ ಓಡಿಸುವುದು ನನ್ನ ಪ್ರಕಾರ ದಂಡ.

ಕೊನೆಗೆ, ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತಿದ್ದರೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕಾಣುತ್ತದೆ. ಅದು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಎಚ್‌ಡಬ್ಲ್ಯೂ ಇನ್ಫೋದಲ್ಲಿ ಲಾಗಿಂಗ್ ಶುರುಮಾಡಿ, ಎಲ್ಲ ರೀಡಿಂಗ್‌ಗಳೂ ಫೈಲ್‌ನಲ್ಲಿ ಸೇರುತ್ತಾ ಹೋಗುತ್ತವೆ. ಮುಂದಿನ ಸಲ ಆಫ್ ಆದಾಗ ಆ ಫೈಲ್‌ನ ಕೊನೆಯ ಕೆಲವು ಸಾಲು ತೆರೆದು ನೋಡಿ. ಪ್ರೊಸೆಸರ್ ಮಿತಿಗೆ ಅಂಟಿಕೊಂಡಿದ್ದರೆ ಕೂಲರ್ ಬಿಚ್ಚಿ. ಎಲ್ಲವೂ 65ರಲ್ಲಿ ಆರಾಮಾಗಿದ್ದು, ಗ್ರಾಫಿಕ್ಸ್ ಕಾರ್ಡಿನ ವ್ಯಾಟ್ ಮಾತ್ರ ಜಿಗಿಯುವ ಹೊತ್ತಿಗೇ ಫೈಲ್ ನಿಂತಿದ್ದರೆ ಪೇಸ್ಟ್ ಟ್ಯೂಬ್ ಕೆಳಗಿಡಿ, ಪವರ್ ಸಪ್ಲೈ ಮತ್ತು ಅದರ ಕೇಬಲ್‌ಗಳಿಂದ ಹುಡುಕಾಟ ಶುರುಮಾಡಿ.